ಇಂಪ್ಲಾಂಟ್ ಮಾತು ಆಮೇಲೆ, ಮೊದಲು ವಸಡು ಅಳೆಯಲಿ

ಹಲ್ಲಿನ ಕ್ಲಿನಿಕ್ಕಿನ ಟ್ರೇಯಲ್ಲಿ ಪುಟ್ಟ ಕನ್ನಡಿ, ಚಿಮುಟಗಳ ಪಕ್ಕದಲ್ಲಿ ತೆಳ್ಳಗಿನ ಒಂದು ಉಕ್ಕಿನ ಕಡ್ಡಿ ಇರುತ್ತದೆ. ತುದಿ ಸೂಜಿಯ ಹಾಗೆ ಚೂಪಲ್ಲ, ಮೊಂಡು. ಬೆಳಕಿಗೆ ಹಿಡಿದು ನೋಡಿದರೆ ಅದರ ಮೇಲೆ ಗೆರೆಗಳು ಕಾಣುತ್ತವೆ: 1, 2, 3, 5, 7, 8, 9, 10 ಮಿಲಿಮೀಟರಿಗೆ ಒಂದೊಂದು. 4 ಮತ್ತು 6ರ ಗೆರೆಗಳನ್ನು ಬೇಕೆಂದೇ ಬಿಟ್ಟಿದ್ದಾರೆ, ಓದುವಾಗ ಲೆಕ್ಕ ತಪ್ಪಬಾರದೆಂದು. ಇದಕ್ಕೆ ವಿಲಿಯಮ್ಸ್ ಪ್ರೋಬ್ ಎನ್ನುತ್ತಾರೆ. ಗೆರೆಗಳ ಜೋಡಣೆ ಬೇರೆಯಾಗಿರುವ ಪ್ರೋಬ್‌ಗಳೂ ಇವೆ, ಕೆಲಸ ಒಂದೇ. ಇಂಪ್ಲಾಂಟ್, ಅಂದರೆ ಹಲ್ಲು ಹೋದ ಜಾಗದ ಎಲುಬಿಗೆ ಕೂರಿಸುವ ಲೋಹದ ತಿರುಪು, ಹಾಕಿಸಬೇಕೆಂದು ಹೋದವರ ಬಾಯಿಯಲ್ಲಿ ಮೊದಲ ಭೇಟಿಯಲ್ಲೇ ಈ ಕಡ್ಡಿ ಓಡಾಡಿತೇ, ಅಳತೆಯನ್ನು ಯಾರಾದರೂ ಬರೆದುಕೊಂಡರೇ? ಯಾವ ಡಾಕ್ಟರ ಹತ್ತಿರ ಹೋಗಲಿ ಎಂದು ಕೇಳುವವರಿಗೆ ನಾನು ತಿರುಗಿ ಕೇಳುವ ಮೊದಲ ಪ್ರಶ್ನೆ ಇದು. ಡಿಗ್ರಿ, ಮೆಷಿನು, ರೇಟು ಎಲ್ಲ ಆಮೇಲೆ.

ವಸಡು ಹಲ್ಲಿಗೆ ಅಂಚಿನವರೆಗೂ ಅಂಟಿಕೊಂಡಿರುವುದಿಲ್ಲ. ಅಂಗಿಯ ಕಾಲರಿನ ಹಾಗೆ ಅಂಚಿನಲ್ಲಿ ಸ್ವಲ್ಪ ಬಿಟ್ಟುಕೊಂಡಿರುತ್ತದೆ, ಒಳಗೆ ಸಣ್ಣ ಸಂದು. ಕಡ್ಡಿಯನ್ನು ಆ ಸಂದಿಗೆ ಮೆಲ್ಲಗೆ ಇಳಿಸಿ, ಎಲ್ಲಿ ತಡೆಯುತ್ತದೋ ಅಲ್ಲಿಯ ಗೆರೆಯನ್ನು ಓದುತ್ತಾರೆ. ಒತ್ತಡ 25 ಗ್ರಾಂ ಆಸುಪಾಸು. ಉಗುರಿನ ಸಂದಿಗೆ ಅಷ್ಟೇ ಒತ್ತಿದರೆ ನೋವಾಗುವುದಿಲ್ಲ. ಒಂದು ಹಲ್ಲಿಗೆ ಆರು ಅಳತೆ: ಕೆನ್ನೆಯ ಕಡೆ ಮೂರು, ನಾಲಗೆಯ ಕಡೆ ಮೂರು. ಬಾಯಲ್ಲಿ 28 ಹಲ್ಲಿದ್ದರೆ ಒಟ್ಟು 168. ಡಾಕ್ಟರು ಹೇಳುತ್ತಾ ಹೋಗುತ್ತಾರೆ, ಪಕ್ಕದಲ್ಲಿರುವವರು ಚಾರ್ಟಿನಲ್ಲಿ ಬರೆಯುತ್ತಾರೆ. “ಮೂರು, ಎರಡು, ಮೂರು” ಎಂದು ಕೇಳಿಸುತ್ತಿದ್ದರೆ ನೆಮ್ಮದಿಯಾಗಿ ಕುಳಿತಿರಬಹುದು. 3 ಮಿ.ಮೀ.ವರೆಗೆ ಆರೋಗ್ಯ. 4 ಮುಟ್ಟಿತೆಂದರೆ ಅಲ್ಲಿ ಬ್ರಶ್ಶು ಮುಟ್ಟದ ಕಿಸೆಯೊಂದು ಆಗುತ್ತಿದೆ. “ಐದು, ಏಳು, ಆರು, ಬ್ಲೀಡಿಂಗ್” ಎಂದು ಕೇಳಿಸಿದರೆ ಆ ಹಲ್ಲಿನ ಸುತ್ತ ಎಲುಬು ಕರಗಿರುವ ಸಾಧ್ಯತೆ ಹೆಚ್ಚು. ಕಡ್ಡಿ ಮುಟ್ಟಿದಾಗ ಎಷ್ಟು ಕಡೆ ರಕ್ತ ಬಂತು ಎಂಬುದಕ್ಕೂ ಲೆಕ್ಕ ಉಂಟು. ನೂರಕ್ಕೆ 10ಕ್ಕಿಂತ ಕಡಿಮೆ ಜಾಗದಲ್ಲಿ ಬಂದರೆ, ಅಂದರೆ 168ರಲ್ಲಿ 16ರ ಒಳಗೆ, ಒಟ್ಟಾರೆ ವಸಡು ಆರೋಗ್ಯವಾಗಿದೆ ಎನ್ನಬಹುದು. ಈ ಇಡೀ ಕೆಲಸಕ್ಕೆ ಹತ್ತು ಹದಿನೈದು ನಿಮಿಷ ಹಿಡಿಯುತ್ತದೆ. ಅಷ್ಟು ಹೊತ್ತು ಕೊಡದವರು ನಿಮ್ಮ ಎಲುಬಿಗೆ ತಿರುಪು ಕೂರಿಸುವ ಮಾತಾಡುವುದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಇಷ್ಟು ಕಟ್ಟುನಿಟ್ಟು ಯಾಕೆಂದರೆ, ವಸಡಿನ ಕಾಯಿಲೆ ನೋಯುವುದಿಲ್ಲ. ಹುಳುಕು ಹಲ್ಲು ರಾತ್ರಿ ನಿದ್ದೆ ಕೆಡಿಸಿ ಡಾಕ್ಟರಲ್ಲಿಗೆ ಎಳೆದುಕೊಂಡು ಹೋಗುತ್ತದೆ. ವಸಡು ಸದ್ದಿಲ್ಲದೆ ಎಲುಬನ್ನು ಬಿಟ್ಟುಕೊಡುತ್ತಾ ಬರುತ್ತದೆ. ಹಲ್ಲಿನ ಮೇಲೆ ಕೂರುವ ಮೆತ್ತನೆಯ ಬಿಳಿ ಪೊರೆಯನ್ನು ಉಜ್ಜದೆ ಬಿಟ್ಟರೆ ಅದು ಎಂಜಲಿನ ಸುಣ್ಣದಂಶ ಹೀರಿ ಕೆಲವೇ ದಿನಗಳಲ್ಲಿ ಗಟ್ಟಿ ಕಿಟ್ಟವಾಗುತ್ತದೆ. 1965ರಲ್ಲಿ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಹಲ್ಲಿನ ಸಂಶೋಧಕ ಹರಾಲ್ಡ್ ಲೋ ಮತ್ತು ಸಂಗಡಿಗರು ಆರೋಗ್ಯವಂತರಿಗೆ ಹಲ್ಲುಜ್ಜುವುದನ್ನೇ ನಿಲ್ಲಿಸಲು ಹೇಳಿ ನೋಡಿದರು. ಎರಡು ಮೂರು ವಾರದೊಳಗೆ ಎಲ್ಲರ ವಸಡೂ ಕೆಂಪಾಗಿ ಊದಿಕೊಂಡಿತು, ಮತ್ತೆ ಉಜ್ಜಲು ಶುರುಮಾಡಿದ ಮೇಲೆ ವಾಸಿಯಾಯಿತು. ಈ ಹಂತದವರೆಗೆ ಹಿಂದೆ ಬರುವ ದಾರಿ ಇದೆ. ಊತ ಒಳಗಿಳಿದು ಹಲ್ಲನ್ನು ಹಿಡಿದಿರುವ ಎಲುಬನ್ನು ಮುಟ್ಟಿತೆಂದರೆ, ಹೋದ ಎಲುಬು ತಾನಾಗಿ ಮರಳುವುದಿಲ್ಲ. ಇದ್ದಷ್ಟನ್ನು ಉಳಿಸಿಕೊಳ್ಳುವುದೇ ಚಿಕಿತ್ಸೆ.

ನೋವಿಲ್ಲದಿದ್ದರೂ ಸುಳಿವುಗಳು ಇರುತ್ತವೆ. ಪೇರಳೆ ಕಚ್ಚಿದಾಗ ಹಣ್ಣಿನ ಮೇಲೆ ಕೆಂಪು ಗುರುತು. ಬೆಳಿಗ್ಗೆ ಉಗುಳಿದ ಪೇಸ್ಟಿನಲ್ಲಿ ರಕ್ತದ ಎಳೆ. ಹಿಂದೆ ಇಲ್ಲದ ಕಡೆ ಎದುರು ಹಲ್ಲುಗಳ ನಡುವೆ ಸಂದು ಬಿಡುವುದು, ಹಲ್ಲು ಉದ್ದವಾದ ಹಾಗೆ ಕಾಣುವುದು, ಉಜ್ಜಿದ ಅರ್ಧ ಗಂಟೆಯಲ್ಲೇ ಮತ್ತೆ ಬಾಯಿ ವಾಸನೆ. ಹಲ್ಲು ಅಲ್ಲಾಡುವುದು ಈ ಸಾಲಿನ ಕೊನೆಯದು, ನಮ್ಮಲ್ಲಿ ಬಹಳ ಮಂದಿ ಎಚ್ಚರವಾಗುವುದು ಅಲ್ಲೇ. ಒಂದು ಮಾತು ಬೀಡಿ, ಸಿಗರೇಟು ಸೇದುವವರಿಗೆ: ನಿಕೋಟಿನ್ ವಸಡಿನ ರಕ್ತನಾಳಗಳನ್ನು ಕುಗ್ಗಿಸುವುದರಿಂದ ನಿಮಗೆ ರಕ್ತ ಕಡಿಮೆ ಬರುತ್ತದೆ. ಕಾಯಿಲೆ ಜೋರಾಗಿದ್ದರೂ ವಸಡು ಮಸುಕಾಗಿ, ಗಟ್ಟಿಯಾಗಿ, ಚೆನ್ನಾಗಿರುವಂತೆಯೇ ಕಾಣುತ್ತದೆ. ಸೇದುವವರಿಗೆ ಕಡ್ಡಿಯ ಅಳತೆ ಇನ್ನೂ ಮುಖ್ಯ.

“ಕ್ಲೀನಿಂಗ್ ಮಾಡಿಸಿದ್ರೆ ಹಲ್ಲು ಸಡಿಲ ಆಗ್ತದೆ ಮಾರಾಯ್ರೆ” ಎಂಬ ಮಾತು ಕುಂದಾಪುರದಿಂದ ಉಳ್ಳಾಲದವರೆಗೆ ಎಲ್ಲ ಕಡೆ ಕೇಳಿಸುತ್ತದೆ. ಹೇಳುವವರು ಸುಳ್ಳು ಹೇಳುತ್ತಿಲ್ಲ, ಅವರಿಗೆ ಹಾಗೆ ಅನುಭವವಾಗಿರುತ್ತದೆ. ಎಲುಬು ಕರಗಿ ಸಡಿಲಾಗಿದ್ದ ಹಲ್ಲುಗಳನ್ನು ಕಿಟ್ಟವೇ ಸಿಮೆಂಟಿನ ಹಾಗೆ ಒಂದಕ್ಕೊಂದು ಹಿಡಿದುಕೊಂಡಿತ್ತು. ಅದನ್ನು ತೆಗೆದಾಗ ಇದ್ದ ಸಡಿಲ ಗೊತ್ತಾಯಿತು. ಊದಿದ ವಸಡು ಇಳಿದಾಗ ಸಂದುಗಳೂ ಕಾಣತೊಡಗುತ್ತವೆ. ಈ ಭಯದಿಂದ ಹತ್ತು ವರ್ಷ ಕ್ಲೀನಿಂಗ್ ಮುಂದೂಡಿ, ಕೊನೆಗೆ ಹಲ್ಲು ಕಿತ್ತು, ಇಂಪ್ಲಾಂಟಿಗೆ ಸಾಲ ಮಾಡುವವರನ್ನು ನೆನೆದರೆ ಸಂಕಟವಾಗುತ್ತದೆ.

ಹಲ್ಲು ಹೋದ ಜಾಗಕ್ಕೆ ಟೈಟಾನಿಯಂ ಕೂತರೆ ಅದಕ್ಕೆ ಹುಳುಕಿಲ್ಲ, ಹಾಗಾಗಿ ಕಾಯಿಲೆಯೂ ಇಲ್ಲ ಎಂದು ಅನೇಕರು ತಿಳಿಯುತ್ತಾರೆ. ಹುಳುಕಿಲ್ಲ ಎಂಬುದು ನಿಜ. ಆದರೆ ಕಾಯಿಲೆಯ ಮಟ್ಟಿಗೆ ಅದು ಸ್ವಂತ ಹಲ್ಲಿಗಿಂತ ಬಡಪಾಯಿ. ನಮ್ಮ ಹಲ್ಲು ಎಲುಬಿಗೆ ನೇರವಾಗಿ ಅಂಟಿರುವುದಿಲ್ಲ. ನಡುವೆ ಸುಮಾರು 0.2 ಮಿ.ಮೀ. ದಪ್ಪದ ನಾರಿನ ಪದರವಿದೆ; ಹಲ್ಲು ಅದರಲ್ಲಿ ತೂಗುಹಾಕಿದಂತೆ ಕೂತಿದೆ. ಅಗಿಯುವಾಗ ಸ್ವಲ್ಪ ಅದುಮಿಕೊಳ್ಳುತ್ತದೆ, ಅನ್ನದಲ್ಲಿ ಕಲ್ಲು ಸಿಕ್ಕರೆ ತಟ್ಟನೆ ಗೊತ್ತಾಗುತ್ತದೆ. ವಸಡಿನ ನಾರುಗಳೂ ಬೇರಿನೊಳಗೆ ಹೊಕ್ಕು ಬಿಗಿಯಾಗಿ ಹಿಡಿದಿರುತ್ತವೆ, ಕೊಳೆ ಸುಲಭವಾಗಿ ಕೆಳಗಿಳಿಯದಂತೆ ತಡೆಯುತ್ತವೆ. ಇಂಪ್ಲಾಂಟಿಗೆ ಈ ಪದರವಿಲ್ಲ, ಎಲುಬು ಲೋಹಕ್ಕೆ ನೇರವಾಗಿ ಬೆಸೆದುಕೊಂಡಿರುತ್ತದೆ. ಸುತ್ತಲಿನ ವಸಡಿನ ನಾರುಗಳು ಲೋಹದೊಳಗೆ ಹೊಗಲಾರವು, ಪಕ್ಕದಲ್ಲಿ ಒರಗಿ ನಿಂತಿರುತ್ತವೆ ಅಷ್ಟೆ. ಸೋಂಕು ಒಮ್ಮೆ ಆ ಬಾಗಿಲು ದಾಟಿದರೆ ಸ್ವಂತ ಹಲ್ಲಿನಲ್ಲಿ ಇಳಿಯುವುದಕ್ಕಿಂತ ವೇಗವಾಗಿ ಇಳಿಯುತ್ತದೆ. ಇದಕ್ಕೆ ಪೆರಿ-ಇಂಪ್ಲಾಂಟೈಟಿಸ್ ಎನ್ನುತ್ತಾರೆ. ಹಲ್ಲಿನ ವಸಡುರೋಗಕ್ಕಿರುವಷ್ಟು ನಂಬುಗೆಯ ಚಿಕಿತ್ಸೆ ಇದಕ್ಕೆ ಇನ್ನೂ ಇಲ್ಲ.

ಲೋಹಕ್ಕೆ ಎಲುಬು ಹೀಗೆ ಬೆಸೆಯುತ್ತದೆಂದು ಗೊತ್ತಾದದ್ದು ಆಕಸ್ಮಿಕವಾಗಿ. ಸ್ವೀಡನ್ನಿನ ಸಂಶೋಧಕ ಪರ್-ಇಂಗ್ವಾರ್ ಬ್ರೋನೆಮಾರ್ಕ್ 1952ರಲ್ಲಿ ಮೊಲದ ಕಾಲಿನ ಎಲುಬಿನೊಳಗೆ ರಕ್ತ ಸಂಚಾರ ನೋಡಲು ಟೈಟಾನಿಯಂನ ಪುಟ್ಟ ಉಪಕರಣ ಕೂರಿಸಿದ್ದರು. ಕೆಲಸ ಮುಗಿದು ತೆಗೆಯಹೋದರೆ ಅದು ಬರಲೇ ಇಲ್ಲ. 1965ರಲ್ಲಿ ಅವರು ಗೋಸ್ಟಾ ಲಾರ್ಸನ್ ಎಂಬುವರ ದವಡೆಗೆ ಮೊದಲ ಇಂಪ್ಲಾಂಟ್‌ಗಳನ್ನು ಹಾಕಿದರು, ಅವು ನಾಲ್ಕು ದಶಕ ಬಾಳಿದವು. ನಾಲ್ಕು ದಶಕ ಬಾಳಬಲ್ಲ ವಸ್ತು ನಾಲ್ಕೇ ವರ್ಷಕ್ಕೆ ಅಲ್ಲಾಡಿದರೆ ತಪ್ಪು ಲೋಹದ್ದಾಗಿರುವುದು ಬಹಳ ಅಪರೂಪ.

ವಸಡುರೋಗದಿಂದಲೇ ಹಲ್ಲು ಕಳೆದುಕೊಂಡವರ ವಿಷಯದಲ್ಲಿ ಇದನ್ನು ಒತ್ತಿ ಹೇಳಬೇಕು. ಹಲ್ಲು ಹೋಯಿತು, ರೋಗ ಹೋಗಲಿಲ್ಲ. ಪಕ್ಕದ ಹಲ್ಲುಗಳ ಆಳವಾದ ಕಿಸೆಗಳಲ್ಲಿರುವ ಅದೇ ಬ್ಯಾಕ್ಟೀರಿಯಾ ಹೊಸ ಇಂಪ್ಲಾಂಟಿನ ಕುತ್ತಿಗೆಗೂ ಬಂದು ಕೂರುತ್ತದೆ. ಆದ್ದರಿಂದ ಕೆಲಸಕ್ಕೊಂದು ಕ್ರಮವಿದೆ. ಮೊದಲು ಡೀಪ್ ಕ್ಲೀನಿಂಗ್: ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಕಿಸೆಯೊಳಗೆ ಬೇರಿನ ಮೇಲಿನ ಕಿಟ್ಟ ತೆಗೆಯುತ್ತಾರೆ, ಎರಡರಿಂದ ನಾಲ್ಕು ಸಲ ಕೂರಬೇಕಾಗುತ್ತದೆ. ಮನೆಯಲ್ಲಿ ಉಜ್ಜುವ ಕ್ರಮ ತಿದ್ದಿಸುತ್ತಾರೆ. ಆಮೇಲೆ ಎರಡು ಮೂರು ತಿಂಗಳು ಬಿಟ್ಟು ಅದೇ ಕಡ್ಡಿಯಿಂದ ಮತ್ತೆ ಅಳೆಯುತ್ತಾರೆ. 6, 7 ಇದ್ದದ್ದು 4ಕ್ಕೆ ಇಳಿದಿರಬಹುದು. ಇಳಿಯದೆ ಉಳಿದ ಆಳದ ಕಿಸೆಗಳಿಗೆ ವಸಡನ್ನು ಬಿಡಿಸಿ ನೋಡಿ ಸ್ವಚ್ಛ ಮಾಡುವ ಫ್ಲ್ಯಾಪ್ ಸರ್ಜರಿ ಬೇಕಾಗಬಹುದು. ರಕ್ತ ನಿಂತು, ಅಳತೆ ಇಳಿದು, ರೋಗಿಯ ಕೈ ಪಳಗಿದ ಮೇಲೆ ಇಂಪ್ಲಾಂಟ್. ಇಷ್ಟಕ್ಕೆ ಮೂರು ನಾಲ್ಕು ತಿಂಗಳು ಹೋಗುತ್ತದೆ. “ಕ್ಲೀನಿಂಗೂ ಇಂಪ್ಲಾಂಟೂ ಇವತ್ತೇ ಮಾಡಿಬಿಡೋಣ” ಎನ್ನುವ ಮಾತು ಕಾಯಿಲೆಯಿಲ್ಲದ ಬಾಯಿಗೆ ಸರಿ. 7 ಮಿ.ಮೀ. ಕಿಸೆ ಇರುವ ಬಾಯಿಗೆ ಖಂಡಿತ ಸರಿಯಲ್ಲ.

ನಮ್ಮ ಕರಾವಳಿಗೇ ಸೇರಿದ ಒಂದು ಅಡ್ಡಿಯನ್ನು ಇಲ್ಲಿ ಹೇಳಬೇಕು. ಎಲೆ ಅಡಿಕೆ, ಅದರಲ್ಲೂ ಹೊಗೆಸೊಪ್ಪು ಸೇರಿಸಿ ವರ್ಷಗಟ್ಟಲೆ ಅಗಿದವರ ಕೆನ್ನೆಯ ಒಳಪದರ ಬಿಳಿಚಿ, ನಾರುಗಟ್ಟಿ, ಬಾಯಿ ಸರಿಯಾಗಿ ತೆರೆಯದಂತಾಗುತ್ತದೆ. ಬರೀ ಅಡಿಕೆಯಿಂದಲೂ ಆಗುತ್ತದೆ. ನಿಮ್ಮದೇ ಕೈಯ ತೋರು, ನಡು, ಉಂಗುರ ಬೆರಳುಗಳನ್ನು ಒಂದರ ಮೇಲೊಂದು ಜೋಡಿಸಿ ಮೇಲಿನ ಮತ್ತು ಕೆಳಗಿನ ಎದುರು ಹಲ್ಲುಗಳ ನಡುವೆ ನಿಲ್ಲಿಸಿ ನೋಡಿ. ಮೂರೂ ಹಿಡಿಸಬೇಕು. ಎರಡೇ ಬೆರಳು ಹಿಡಿಸಿದರೆ ಹಿಂದಿನ ದವಡೆ ಹಲ್ಲಿನ ಜಾಗಕ್ಕೆ ಡ್ರಿಲ್ಲು ನೇರವಾಗಿ ನಿಲ್ಲುವುದು ಕಷ್ಟ. ನೇರವಾಗಿ ನಿಲ್ಲದ ಡ್ರಿಲ್ಲು ಓರೆಯಾಗಿ ಇಳಿಯುತ್ತದೆ. ಅಂಥವರು ಇಂಪ್ಲಾಂಟಿಗೂ ಮೊದಲು ಬಾಯಿಯ ಒಳಪದರವನ್ನೇ ತೋರಿಸಬೇಕು, ಯಾಕೆಂದರೆ ಆ ನಾರುಗಟ್ಟುವಿಕೆ ಕ್ಯಾನ್ಸರಿಗೆ ತಿರುಗಬಲ್ಲದು.

ಸಕ್ಕರೆ ಕಾಯಿಲೆಯವರು ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ವರದಿ ಹಿಡಿದುಕೊಂಡೇ ಹೋಗಿ. 7ರ ಆಸುಪಾಸಿನಲ್ಲಿದ್ದರೆ ಗಾಬರಿಯಿಲ್ಲ, 8 ದಾಟಿದ್ದರೆ ಕಾಯುವುದು ಜಾಣತನ. ವಸಡಿನ ಸೋಂಕು ಸಕ್ಕರೆಯನ್ನು ಏರಿಸುತ್ತದೆ, ಏರಿದ ಸಕ್ಕರೆ ವಸಡನ್ನು ಕೆಡಿಸುತ್ತದೆ, ಹಾಗಾಗಿ ಎರಡಕ್ಕೂ ಒಟ್ಟಿಗೆ ಮದ್ದು. ಬಿ.ಪಿ.ಗೆ ಆಮ್ಲೋಡಿಪಿನ್ ತೆಗೆದುಕೊಳ್ಳುವ ಕೆಲವರಿಗೆ ವಸಡು ದಪ್ಪವಾಗಿ ಬೆಳೆಯುತ್ತದೆ. ಹೇಳಿದರೆ ಫಿಸಿಷಿಯನ್ ಬೇರೆ ಮಾತ್ರೆಗೆ ಬದಲಿಸಬಹುದು. ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಿ ಹೋಗಬೇಡಿ, ವಸಡಿನ ರಕ್ತವನ್ನು ಒತ್ತಿ ಹಿಡಿದು ನಿಲ್ಲಿಸಬಹುದು, ಹೃದಯದ ಸ್ಟೆಂಟು ಕಟ್ಟಿಕೊಂಡರೆ ಕಷ್ಟ. ಮೂಳೆ ಸವೆತಕ್ಕೆ ವರ್ಷಕ್ಕೊಂದು ಜೋಲೆಡ್ರೋನಿಕ್ ಆಸಿಡ್ ಅಥವಾ ಆರು ತಿಂಗಳಿಗೊಂದು ಡೆನೋಸುಮಾಬ್ ಇಂಜೆಕ್ಷನ್ ಪಡೆದ ಅಮ್ಮಂದಿರು ಅದನ್ನು “ಹಲ್ಲಿಗೇನು ಸಂಬಂಧ” ಎಂದು ಹೇಳದೆ ಬಿಡುತ್ತಾರೆ. ಸಂಬಂಧ ಇದೆ: ಆ ಔಷಧಿಗಳಿಂದ ದವಡೆಯ ಎಲುಬು ಮಾಯದೆ ಕೊಳೆಯುವ ಅಪಾಯವಿದೆ. ಡಾಕ್ಟರು ಕೇಳದಿದ್ದರೂ ನೀವೇ ಹೇಳಿ. ಅವರು ಕೇಳಲಿಲ್ಲ ಎಂಬುದನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ.

ಈಗ ಯಾರ ಹತ್ತಿರ ಎಂಬ ಪ್ರಶ್ನೆ. ನಮ್ಮ ದೇಶದಲ್ಲಿ ಇಂಪ್ಲಾಂಟಿಗೆಂದೇ ಬೇರೆ ಎಂಡಿಎಸ್ (ಹಲ್ಲಿನ ಡಾಕ್ಟರ ಸ್ನಾತಕೋತ್ತರ ಪದವಿ) ಇಲ್ಲ. ಬೋರ್ಡಿನ ಮೇಲೆ ‘ಇಂಪ್ಲಾಂಟಾಲಜಿಸ್ಟ್’ ಎಂದಿದ್ದರೆ ಅದು ಮೂರು ವರ್ಷದ ಪದವಿಯೋ, ಕೆಲವು ದಿನಗಳ ಕೋರ್ಸೋ ಎಂದು ಆ ಪದದಿಂದ ಗೊತ್ತಾಗುವುದಿಲ್ಲ. ಮೂರು ವಿಭಾಗದ ಎಂಡಿಎಸ್ ಆದವರು ಹೆಚ್ಚಾಗಿ ಈ ಕೆಲಸ ಮಾಡುತ್ತಾರೆ: ವಸಡಿನ ತಜ್ಞರಾದ ಪೆರಿಯೋಡಾಂಟಿಸ್ಟ್, ಬಾಯಿ ಮತ್ತು ದವಡೆಯ ಸರ್ಜನ್, ಕೃತಕ ಹಲ್ಲಿನ ತಜ್ಞರಾದ ಪ್ರಾಸ್ತೋಡಾಂಟಿಸ್ಟ್. ಚೆನ್ನಾಗಿ ಕಲಿತು ವರ್ಷಗಳಿಂದ ಮಾಡಿಕೊಂಡು ಬಂದ ಬಿಡಿಎಸ್ (ಮೊದಲ ಪದವಿಯ) ಡಾಕ್ಟರುಗಳೂ ಇದ್ದಾರೆ, ಕಾನೂನಿನಲ್ಲಿ ಅದಕ್ಕೆ ತಡೆಯಿಲ್ಲ. ವಸಡಿನ ಕಾಯಿಲೆಯಿಂದ ಹಲ್ಲು ಹೋದವರು ಪೆರಿಯೋಡಾಂಟಿಸ್ಟ್ ಬಳಿ ಶುರುಮಾಡುವುದು ನನಗೆ ಸರಿ ಕಾಣುತ್ತದೆ. ಅಪಘಾತದಲ್ಲಿ ದವಡೆ ಒಡೆದವರಿಗೆ, ಸೊಂಟದಿಂದಲೋ ಗಲ್ಲದಿಂದಲೋ ಎಲುಬು ತೆಗೆದು ಕಸಿ ಮಾಡಬೇಕಾದವರಿಗೆ ಸರ್ಜನ್. ಬಾಯಿಯಲ್ಲಿ ಹಲ್ಲೇ ಇಲ್ಲದವರಿಗೆ ಕೊನೆಗೆ ಹಲ್ಲು ಎಲ್ಲಿ ಬರಬೇಕು ಎಂದು ಮೊದಲೇ ಲೆಕ್ಕ ಹಾಕುವ ಪ್ರಾಸ್ತೋಡಾಂಟಿಸ್ಟ್. ಒಬ್ಬರೇ ಎಲ್ಲವನ್ನೂ ಮಾಡಬೇಕೆಂದಿಲ್ಲ. ಇಬ್ಬರು ಕೂತು ಮಾತಾಡಿಕೊಂಡು ಮಾಡಿದ ಕೆಲಸ ಹೆಚ್ಚಾಗಿ ಚೆನ್ನಾಗಿ ಬರುತ್ತದೆ.

ಊರಿನ ಅನೇಕ ಕ್ಲಿನಿಕ್ಕುಗಳಲ್ಲಿ ನಿಗದಿ ದಿನಕ್ಕೆ ಹೊರಗಿನಿಂದ ಕನ್ಸಲ್ಟಂಟ್ ಬಂದು ಇಂಪ್ಲಾಂಟ್ ಹಾಕಿ ಹೋಗುವುದಿದೆ. ಅದು ತಪ್ಪಲ್ಲ. ಆದರೆ ಬರುವವರ ಹೆಸರೇನು, ಯಾವ ವಿಭಾಗದವರು, ಸರ್ಜರಿಗೂ ಮೊದಲು ಒಮ್ಮೆ ಅವರೇ ನಿಮ್ಮ ಬಾಯಿ ನೋಡುತ್ತಾರೆಯೇ, ರಾತ್ರಿ ಹನ್ನೊಂದಕ್ಕೆ ರಕ್ತ ನಿಲ್ಲದಿದ್ದರೆ ಫೋನು ಎತ್ತುವವರು ಯಾರು ಎಂದು ಕೇಳಿಟ್ಟುಕೊಳ್ಳಿ. ಕೇಳಿದ್ದಕ್ಕೆ ಮುಖ ಗಂಟಿಕ್ಕಿದರೆ ಎದ್ದು ಬನ್ನಿ.

ಮಂಗಳೂರು, ಉಡುಪಿಯವರಿಗೆ ಬೇರೆ ಜಿಲ್ಲೆಯವರಿಗಿಲ್ಲದ ಅನುಕೂಲವೊಂದಿದೆ. ಮಣಿಪಾಲದ ಕಾಲೇಜು, ಅದರದ್ದೇ ಇನ್ನೊಂದು ಮಂಗಳೂರಿನಲ್ಲಿ, ದೇರಳಕಟ್ಟೆಯಲ್ಲಿ ಎ.ಬಿ. ಶೆಟ್ಟಿ ಮತ್ತು ಯೆನೆಪೋಯ, ಕುಂಟಿಕಾನದಲ್ಲಿ ಎ.ಜೆ., ಮುಕ್ಕದಲ್ಲಿ ಶ್ರೀನಿವಾಸ. ಇಷ್ಟು ಹತ್ತಿರ ಹತ್ತಿರ ಇಷ್ಟು ಡೆಂಟಲ್ ಕಾಲೇಜುಗಳಿರುವ ಜಾಗ ಕಡಿಮೆ. ಕಾಲೇಜು ಆಸ್ಪತ್ರೆಯಲ್ಲಿ ಎಂಡಿಎಸ್ ಓದುತ್ತಿರುವವರು ಪ್ರೊಫೆಸರರ ಉಸ್ತುವಾರಿಯಲ್ಲಿ ಕೆಲಸ ಮಾಡುತ್ತಾರೆ. ನಿಧಾನ, ಓಡಾಟ ಜಾಸ್ತಿ, ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಬಸ್ಸು ಹಿಡಿದು ಬೆಳಿಗ್ಗೆಯೇ ಹೋಗಿ ಚೀಟಿ ಮಾಡಿಸಬೇಕು. ಆದರೆ 168 ಅಳತೆಗಳ ಚಾರ್ಟನ್ನು ಅಲ್ಲಿ ತಪ್ಪಿಸುವಂತಿಲ್ಲ, ಯಾಕೆಂದರೆ ಅದು ಅವರ ಪಾಠ. ವಸಡು, ಸರ್ಜರಿ, ಕೃತಕ ಹಲ್ಲು, ಎಕ್ಸ್‌ರೇ ಎಲ್ಲ ವಿಭಾಗ ಒಂದೇ ಸೂರಿನಡಿ. ಶುರುಮಾಡಿದ ಎಂಡಿಎಸ್ ವಿದ್ಯಾರ್ಥಿ ಮೂರು ವರ್ಷ ಮುಗಿಸಿ ಹೊರಟುಹೋಗಬಹುದು, ಕೇಸ್‌ಶೀಟು ಅಲ್ಲೇ ಉಳಿಯುತ್ತದೆ. ಹೊರಗೆ ಮಾಡಿಸಬೇಕೆಂದಿರುವವರೂ ಒಂದು ದಿನ ಇಲ್ಲಿ ತೋರಿಸಿ ಎರಡನೇ ಅಭಿಪ್ರಾಯ ಪಡೆದರೆ ನಷ್ಟವಿಲ್ಲ.

ಮುಂದಿನದು ಎಲುಬಿನ ಅಳತೆ. ಇಡೀ ದವಡೆಯ ಓಪಿಜಿ ಎಕ್ಸ್‌ರೇ ಚಪ್ಪಟೆ ಚಿತ್ರ. ಉದ್ದ ತೋರುತ್ತದೆ, ಅದೂ ಸ್ವಲ್ಪ ಹಿಗ್ಗಿಸಿ. ಎಲುಬಿನ ಅಗಲ ಅದರಲ್ಲಿ ಕಾಣುವುದೇ ಇಲ್ಲ. ಅಗಲ ನೋಡಲು ದವಡೆಯನ್ನು ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್ ಬೇಕು. ಅದನ್ನು ಸ್ಕ್ರೀನಿನಲ್ಲಿ ತೆರೆದು ನಿಮಗೂ ತೋರಿಸಲು ಹೇಳಿ, ಬೆಣ್ಣೆ ಹಚ್ಚುವ ಮೊದಲಿನ ಬ್ರೆಡ್ಡಿನ ಸ್ಲೈಸುಗಳ ಹಾಗೆ ದವಡೆ ತುಂಡು ತುಂಡಾಗಿ ಕಾಣುತ್ತದೆ. ಲೆಕ್ಕ ಸರಳ: 4 ಮಿ.ಮೀ. ದಪ್ಪದ ಇಂಪ್ಲಾಂಟಿಗೆ ಕೆನ್ನೆಯ ಕಡೆಯೂ ನಾಲಗೆಯ ಕಡೆಯೂ ಒಂದೂವರೆ ಮಿ.ಮೀ. ಎಲುಬು ಉಳಿಯಬೇಕು, ಅಂದರೆ 7 ಮಿ.ಮೀ. ಅಗಲ. ಪಕ್ಕದ ಹಲ್ಲಿನಿಂದ ಒಂದೂವರೆ, ಎರಡು ಇಂಪ್ಲಾಂಟುಗಳ ನಡುವೆ 3. ಕೆಳದವಡೆಯಲ್ಲಿ ತುಟಿಗೆ ಸ್ಪರ್ಶ ಕೊಡುವ ನರದ ನಾಳದಿಂದ 2 ಮಿ.ಮೀ. ದೂರ, ತಾಗಿದರೆ ತುಟಿ, ಗಲ್ಲ ಮರಗಟ್ಟಿ ಉಳಿಯಬಹುದು. ಮೇಲ್ದವಡೆಯ ಹಿಂದಿನ ಭಾಗದಲ್ಲಿ ಸೈನಸ್ಸಿನ, ಅಂದರೆ ಮೂಗಿನ ಪಕ್ಕದ ಗಾಳಿ ತುಂಬಿದ ಪೊಳ್ಳಿನ, ತಳ ಇರುತ್ತದೆ. ಎಲುಬು ಸಾಲದಿದ್ದರೆ ಕಸಿ, ಇಲ್ಲವೇ ಆ ತಳವನ್ನು ಎತ್ತಿ ಎಲುಬು ತುಂಬುವ ಸೈನಸ್ ಲಿಫ್ಟ್, ಇಲ್ಲವೇ ಇಂಪ್ಲಾಂಟ್ ಬಿಟ್ಟು ಪಕ್ಕದ ಹಲ್ಲುಗಳ ಆಧಾರದ ಬ್ರಿಡ್ಜೋ ಬಿಚ್ಚಿಡುವ ಹಲ್ಲೋ. ಈ ಕೊನೆಯ ದಾರಿಯನ್ನೂ ಬಾಯಿಬಿಟ್ಟು ಹೇಳುವ ಡಾಕ್ಟರ ಮೇಲೆ ನನಗೆ ಭರವಸೆ ಹೆಚ್ಚು.

ಹಲ್ಲು ಕಿತ್ತ ಮೇಲೆ ವರ್ಷಗಟ್ಟಲೆ ಬಿಟ್ಟರೆ ಈ ಅಗಲ ಸಿಗುವುದಿಲ್ಲ. ಕಿತ್ತ ಒಂದು ವರ್ಷದಲ್ಲಿ ಆ ಜಾಗದ ಅಗಲದಲ್ಲಿ ಅರ್ಧದಷ್ಟು ಕುಗ್ಗಬಹುದು, ಅದರಲ್ಲೂ ಹೆಚ್ಚಿನ ಪಾಲು ಮೊದಲ ಮೂರು ತಿಂಗಳಲ್ಲೇ. ಎದುರು ದವಡೆಯ ಹಲ್ಲು ಆ ಖಾಲಿ ಜಾಗಕ್ಕೆ ಸರಿಯುತ್ತದೆ, ಪಕ್ಕದ್ದು ವಾಲುತ್ತದೆ.

ಗಲ್ಫಿನಿಂದ ಒಂದು ತಿಂಗಳ ರಜೆಯಲ್ಲಿ ಬಂದು “ಹೋಗುವ ಮೊದಲು ಹಲ್ಲು ಆಗಿಬಿಡಬೇಕು” ಎನ್ನುವವರು ಪ್ರತಿ ಬೇಸಗೆಯಲ್ಲೂ ಇರುತ್ತಾರೆ. ದುಬೈಯ ರೇಟಿಗೆ ಹೋಲಿಸಿದರೆ ಇಲ್ಲಿ ಮಾಡಿಸುವ ಆಸೆ ಸಹಜ. ಆದರೆ ರಜೆ ನೋಡಿಕೊಂಡು ಎಲುಬು ಬೆಸೆಯುವುದಿಲ್ಲ. ಕೆಳದವಡೆಗೆ ಎರಡು ಮೂರು ತಿಂಗಳು, ಮೃದು ಎಲುಬಿನ ಮೇಲ್ದವಡೆಗೆ ಮೂರರಿಂದ ಆರು. ಕಿತ್ತ ದಿನವೇ ಹಾಕುವುದು, ಹಾಕಿದ ದಿನವೇ ಅದರ ಮೇಲೆ ಹಲ್ಲಿನಾಕಾರದ ತಾತ್ಕಾಲಿಕ ಕ್ಯಾಪು ಕೊಡುವುದು ಎರಡೂ ಸಾಧ್ಯ. ಅದಕ್ಕೆ ಕೀವಿರಬಾರದು, ಕುಳಿಯ ಗೋಡೆಗಳು ಪೂರ್ತಿ ಇರಬೇಕು, ಇಂಪ್ಲಾಂಟ್ ಬಿಗಿಯಾಗಿ ಕೂರಬೇಕು. ನಿಮ್ಮ ವಿಮಾನದ ಟಿಕೆಟ್ಟು ಈ ಷರತ್ತುಗಳಲ್ಲಿ ಒಂದಲ್ಲ. ಎರಡು ರಜೆಗೆ ಹಂಚಿಕೊಳ್ಳಿ: ಮೊದಲ ರಜೆಯ ಮೊದಲ ವಾರದಲ್ಲೇ ಅಳತೆ, ಸ್ಕ್ಯಾನ್; ವಸಡು ಚೆನ್ನಾಗಿದ್ದರೆ ಎರಡನೇ ವಾರ ಇಂಪ್ಲಾಂಟ್, ಏಳರಿಂದ ಹತ್ತು ದಿನಕ್ಕೆ ಹೊಲಿಗೆ ಬಿಚ್ಚಿಸಿ ಹೊರಡುವುದು; ಮುಂದಿನ ರಜೆಯಲ್ಲಿ ಕ್ಯಾಪು. ವಸಡು ಕೆಟ್ಟಿದ್ದರೆ ಮೊದಲ ರಜೆ ಪೂರ್ತಿ ವಸಡಿಗೆ. ಸೈನಸ್ ಲಿಫ್ಟ್ ಆದವರು ವಿಮಾನ ಹತ್ತುವ ದಿನವನ್ನು ಡಾಕ್ಟರನ್ನು ಕೇಳಿಯೇ ಇಟ್ಟುಕೊಳ್ಳಬೇಕು, ಮೂಗನ್ನು ಜೋರಾಗಿ ಸೀದಲೂಬಾರದು.

ಹಾಕುವ ದಿನದ ಕೆಲಸ ಜನ ಹೆದರುವಷ್ಟು ದೊಡ್ಡದಲ್ಲ. ಮರಗಟ್ಟಿಸಿ, ವಸಡನ್ನು ಬಿಡಿಸಿ, 2 ಮಿ.ಮೀ. ಡ್ರಿಲ್ಲಿನಿಂದ ಶುರುಮಾಡಿ ಹಂತಹಂತವಾಗಿ ದೊಡ್ಡದು ಮಾಡುತ್ತಾ ಹೋಗುತ್ತಾರೆ. ಡ್ರಿಲ್ಲಿನ ಮೇಲೆ ಸಲೈನ್ ಧಾರೆ ಬೀಳುತ್ತಲೇ ಇರಬೇಕು: ಎಲುಬು ಒಂದು ನಿಮಿಷ 47 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸಾಯುತ್ತದೆ, ಸತ್ತ ಎಲುಬು ಲೋಹಕ್ಕೆ ಬೆಸೆಯುವುದಿಲ್ಲ. ಮೊಂಡಾದ ಹಳೇ ಡ್ರಿಲ್ಲು, ಅವಸರದ ಕೈ ಇಲ್ಲಿ ಕೆಡಿಸುತ್ತವೆ. ಕೊನೆಗೆ ಇಂಪ್ಲಾಂಟನ್ನು ತಿರುಗಿಸಿ ಕೂರಿಸುವಾಗ 35 ನ್ಯೂಟನ್ ಸೆಂಟಿಮೀಟರ್ ಆಸುಪಾಸಿನ ಬಿಗಿ ಸಿಕ್ಕಿದರೆ ಡಾಕ್ಟರ ಮುಖದಲ್ಲಿ ಸಮಾಧಾನ ಕಾಣುತ್ತದೆ. ಮನೆಗೆ ಬಂದ ಮೇಲೆ ಎರಡು ಮೂರು ದಿನ ತಣ್ಣನೆಯ ಗಂಜಿ, ಮೊಸರನ್ನ. ಕುಚ್ಚಲಕ್ಕಿಯ ಅನ್ನ ಮಾಮೂಲಿಗಿಂತ ಮೆತ್ತಗೆ ಬೇಯಲಿ. ಬಾಯಿ ಮುಕ್ಕಳಿಸಿ ಉಗುಳುವ ಕ್ಲೋರ್‌ಹೆಕ್ಸಿಡಿನ್ 10 ಮಿ.ಲೀ. ದಿನಕ್ಕೆರಡು ಸಲ, ಪೇಸ್ಟಿನಿಂದ ಉಜ್ಜಿ ಅರ್ಧ ಗಂಟೆ ಬಿಟ್ಟು, ಒಂದೆರಡು ವಾರ ಸಾಕು. ಜಾಸ್ತಿ ದಿನ ಬಳಸಿದರೆ ಹಲ್ಲು ಕಂದಾಗುತ್ತದೆ, ರುಚಿ ಕೆಡುತ್ತದೆ. ಹೆಚ್ಚಿನವರು ಎಡವುವುದು ಮೂರು ನಾಲ್ಕನೆಯ ವಾರದಲ್ಲಿ. ನೋವು ಪೂರ್ತಿ ಹೋಗಿರುತ್ತದೆ, ಆದರೆ ಹಳೆ ಎಲುಬು ಕರಗಿ ಹೊಸದು ಕಟ್ಟುವ ಆ ಹೊತ್ತಿನಲ್ಲೇ ಇಂಪ್ಲಾಂಟಿನ ಹಿಡಿತ ಅತಿ ಕಡಿಮೆ. ಆಗ ಆ ಬದಿಯಲ್ಲಿ ಚಕ್ಕುಲಿ, ಕೋರಿ ರೊಟ್ಟಿ ಕಡಿದರೆ ಅದು ಒಳಗೊಳಗೇ ಅಲ್ಲಾಡಿ ಬೆಸೆಯದೆ ಉಳಿಯಬಹುದು.

ಕ್ಯಾಪನ್ನು ಎರಡು ರೀತಿ ಕೂರಿಸುತ್ತಾರೆ, ಸಿಮೆಂಟ್ ಹಚ್ಚಿ ಅಥವಾ ಸ್ಕ್ರೂ ಬಿಗಿದು. ಸಿಮೆಂಟಿನದ್ದರಲ್ಲಿ ಮೇಲೆ ತೂತಿಲ್ಲ, ನೋಡಲು ಚಂದ. ಆದರೆ ಹೆಚ್ಚಾದ ಸಿಮೆಂಟು ವಸಡಿನ ಅಡಿಗೆ ಜಾರಿ ಅಲ್ಲೇ ಉಳಿದರೆ ವರ್ಷಗಳ ಮೇಲೆ ಕೀವಾಗಿ ಹೊರಬರುತ್ತದೆ. ಹಿಂದಿನ ಹಲ್ಲುಗಳಿಗೆ ಸಾಧ್ಯವಿದ್ದಲ್ಲೆಲ್ಲ ಸ್ಕ್ರೂ ಕ್ಯಾಪನ್ನೇ ಕೇಳಿ. ಕೂರಿಸಿದ ದಿನವೇ ಒಂದು ಎಕ್ಸ್‌ರೇ ತೆಗೆಸಿ ಇಟ್ಟುಕೊಳ್ಳಿ, ಮುಂದೆ ಎಲುಬು ಇಳಿದಿದೆಯೇ ಎಂದು ನೋಡಲು ಹೋಲಿಕೆಗೆ ಅದೊಂದೇ ಆಧಾರ.

ಇನ್ನೊಂದು ಸಣ್ಣ ಕಾಗದದ ಬಗ್ಗೆ ಹೇಳಬೇಕು. ಇಂಪ್ಲಾಂಟಿನ ಡಬ್ಬಿಯೊಳಗೆ ಕಿತ್ತು ಅಂಟಿಸುವ ಪುಟ್ಟ ಸ್ಟಿಕ್ಕರುಗಳಿರುತ್ತವೆ. ಕಂಪನಿಯ ಹೆಸರು, ಮಾದರಿ, ದಪ್ಪ ಮತ್ತು ಉದ್ದ, ಲಾಟ್ ನಂಬರು ಎಲ್ಲ ಅದರಲ್ಲಿದೆ. ಒಂದು ಕ್ಲಿನಿಕ್ಕಿನ ಫೈಲಿಗೆ, ಒಂದು ನಿಮಗೆ. ಸ್ಟ್ರಾಮನ್, ನೋಬೆಲ್, ಆಸ್ಟೆಮ್ ಹೀಗೆ ಒಂದೊಂದು ಕಂಪನಿಯ ಸ್ಕ್ರೂವಿಗೂ ಒಳಜೋಡಣೆಗೂ ಒಂದೊಂದು ಅಳತೆ. ಐದು ವರ್ಷದ ಮೇಲೆ ಮುಂಬೈಯಲ್ಲೋ ಮಸ್ಕತ್ತಿನಲ್ಲೋ ಕ್ಯಾಪು ಸಡಿಲಾದರೆ, ಆ ಸ್ಟಿಕ್ಕರ್ ಇದ್ದರೆ ಅಲ್ಲಿಯ ಡಾಕ್ಟರು ಸರಿಯಾದ ಕೀ ತೆಗೆದು ಹತ್ತು ನಿಮಿಷದಲ್ಲಿ ಬಿಗಿಯುತ್ತಾರೆ. ಇಲ್ಲದಿದ್ದರೆ ಎಕ್ಸ್‌ರೇ ನೋಡಿ ಊಹಿಸುತ್ತಾ ಕೂರಬೇಕು. ಬಿಲ್ಲನ್ನೂ ಬಿಡಿಸಿ ಬರೆಸಿಕೊಳ್ಳಿ: ಇಂಪ್ಲಾಂಟ್, ಅದಕ್ಕೂ ಕ್ಯಾಪಿಗೂ ನಡುವಿನ ತುಂಡಾದ ಅಬಟ್‌ಮೆಂಟ್, ಕ್ಯಾಪು, ಸ್ಕ್ಯಾನ್, ಎಲುಬಿನ ಪುಡಿ ಬೇಕಾದರೆ ಅದು. ಜಾಹೀರಾತಿನ ಕಡಿಮೆ ರೇಟು ಬಹಳ ಸಲ ಮೊದಲನೆಯದ್ದಕ್ಕೆ ಮಾತ್ರ. ‘ಲೈಫ್‌ಟೈಮ್ ವಾರಂಟಿ’ ಹೆಚ್ಚಾಗಿ ಲೋಹದ ತುಂಡಿಗೆ. ವಸಡು ಕೆಟ್ಟು ಬಿದ್ದುಹೋದರೆ ಮತ್ತೆ ಮಾಡುವ ಸರ್ಜರಿ, ಕ್ಯಾಪಿನ ಖರ್ಚು ಅದರೊಳಗೆ ಬರುತ್ತದೆಯೇ ಎಂದು ಬರಹದಲ್ಲಿ ಕೇಳಿ.

ಮನೆಯಲ್ಲಿ ಇಂಪ್ಲಾಂಟಿನ ಅಂಚಿಗೆ ಮೃದು ಬ್ರಶ್ಶನ್ನು 45 ಡಿಗ್ರಿ ಓರೆಯಾಗಿ ಇಟ್ಟು ಸಣ್ಣಗೆ ಆಡಿಸಿ, ಪಕ್ಕದ ಸಂದಿಗೆ ಹಲ್ಲುಗಳ ನಡುವೆ ತೂರುವ ಪುಟ್ಟ ಇಂಟರ್‌ಡೆಂಟಲ್ ಬ್ರಶ್ಶು ದಿನಕ್ಕೊಮ್ಮೆ. ಆ ಬ್ರಶ್ಶಿನ ಅಳತೆ ಅಂಗಡಿಯವರಲ್ಲ, ಡಾಕ್ಟರೇ ಹಾಕಿ ನೋಡಿ ಹೇಳಬೇಕು: ತೀರಾ ತೆಳುವಾದರೆ ಉಜ್ಜುವುದಿಲ್ಲ, ದಪ್ಪವಾದರೆ ಗಾಯ. ಒಳಗಿನ ತಂತಿ ಲೋಹಕ್ಕೆ ಗೀರದಂತೆ ಪ್ಲಾಸ್ಟಿಕ್ ಹೊದಿಕೆಯದ್ದೇ ಕೊಳ್ಳಿ. ಇದ್ದಿಲ ಪುಡಿ, ಉಪ್ಪು ಬೆರಳಿನಲ್ಲಿ ಉಜ್ಜುವುದು ಇನ್ನು ಬೇಡ. ವಸಡಿನ ಕಾಯಿಲೆ ಇದ್ದವರು ಮೂರು ತಿಂಗಳಿಗೊಮ್ಮೆ, ಉಳಿದವರು ಆರು ತಿಂಗಳಿಗೊಮ್ಮೆ ತೋರಿಸಬೇಕು. ಹೋದಾಗ ಇಂಪ್ಲಾಂಟಿನ ಸುತ್ತಲೂ ಅದೇ ಕಡ್ಡಿ ಇಳಿಯಬೇಕು. ರಕ್ತ ಬಂದರೂ ಎಲುಬು ಮೊದಲಿನಷ್ಟೇ ಇದ್ದರೆ ಸ್ವಚ್ಛಮಾಡಿ ವಾಸಿಮಾಡಬಹುದು. ಇಂಪ್ಲಾಂಟಿಗೆ ನೋವು ತಿಳಿಸುವ ಪದರವೇ ಇಲ್ಲವಾದ್ದರಿಂದ ನೋವಾಗಲಿ, ಆಮೇಲೆ ಹೋಗೋಣ ಎಂದು ಕಾದರೆ ಕೆಟ್ಟಿತು.

ಕ್ಯಾಪು ಕೂತು ಕೆಲವು ವರ್ಷಗಳ ಮೇಲೆ ಕೆಲವರಿಗೆ ಒಂದು ವಿಚಿತ್ರ ಶುರುವಾಗುತ್ತದೆ. ಮೊದಲು ಸಿಕ್ಕಿಕೊಳ್ಳದ ಬಸಳೆ ದಂಟಿನ ನಾರು, ಕೋಳಿ ಮಾಂಸದ ಎಳೆ ಈಗ ಪ್ರತಿ ಊಟದಲ್ಲೂ ಇಂಪ್ಲಾಂಟಿನ ಮುಂದಿನ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಸ್ವಂತ ಹಲ್ಲುಗಳು ವಯಸ್ಸಿನುದ್ದಕ್ಕೂ ಸ್ವಲ್ಪ ಸ್ವಲ್ಪ ಮುಂದಕ್ಕೆ ಸರಿಯುತ್ತಿರುತ್ತವೆ, ಎಲುಬಿಗೆ ಬೆಸೆದ ಇಂಪ್ಲಾಂಟ್ ಇದ್ದಲ್ಲೇ ಇರುತ್ತದೆ, ನಡುವೆ ಕೂದಲೆಳೆಯ ಸಂದು ತೆರೆದುಕೊಳ್ಳುತ್ತದೆ. ಇದು ಯಾರ ತಪ್ಪೂ ಅಲ್ಲ, ಆದರೆ ಟೂತ್‌ಪಿಕ್ಕಿನಿಂದ ಕೆದಕುತ್ತಾ ದಿನ ದೂಡಿದರೆ ಅಲ್ಲಿನ ವಸಡು ಕೆಡುತ್ತದೆ. ಸ್ಕ್ರೂ ಕ್ಯಾಪಾದರೆ ಬಿಚ್ಚಿ ಲ್ಯಾಬಿಗೆ ಕಳಿಸಿ, ಬದಿಗೆ ಸ್ವಲ್ಪ ಪಿಂಗಾಣಿ ಸೇರಿಸಿ ಮತ್ತೆ ಕೂರಿಸುತ್ತಾರೆ, ಎರಡು ಭೇಟಿಯ ಕೆಲಸ. ಸಿಮೆಂಟಿನದ್ದಾದರೆ ಕತ್ತರಿಸಿ ಹೊಸದು ಮಾಡಿಸಬೇಕಾಗಬಹುದು. ಯಾವುದೇ ಆಗಲಿ, ಹೋಗುವಾಗ ಆ ಸ್ಟಿಕ್ಕರ್ ಅಂಟಿಸಿದ ಕಾರ್ಡು ಕಿಸೆಯಲ್ಲಿರಲಿ.